ಕಪ್ಪು ಚುಕ್ಕೆ ಮೂಡಿದರೆ ಹಾಲು ಚೆನ್ನಾಗಿದೆ

ನಮಸ್ಕಾರ. ಹಳೆಯ ಸಿ.ಡಿ.ಗಳು ಈಚೆಗೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೊಲಗಳಲ್ಲಿ, ಹಕ್ಕಿಗಳನ್ನು ಬೆದರಿಸಲು ದಾರಕ್ಕೆ ಕಟ್ಟಿ ತೂಗುಬಿಟ್ಟ ಸ್ಥಿತಿಯಲ್ಲಿ. ಅಂಥದೇ ತಟ್ಟೆಯ ಮೇಲೆ ಹಾಲಿನಲ್ಲಿ ಉಳಿದ ಔಷಧದ ಅಂಶ, ನೀರಿನಲ್ಲಿ ಸೇರಿದ ಕೀಟನಾಶಕ, ಸಾಲ್ಮೊನೆಲ್ಲಾದಂಥ ರೋಗಾಣು ಇವುಗಳನ್ನು ಪತ್ತೆ ಹಚ್ಚಬಹುದೆಂದು ಸ್ಪೇನಿನ ವಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಆಂಹೆಲ್ ಮಕಿಯೆಯ್ರಾ, ರೋಸಾ ಪುಚಾದೆಸ್, ಸೆರ್ಜಿ ಮೊರಾಯ್ಸ್ ಮತ್ತು ಅವರ ಸಂಗಡಿಗರು ಬಹಳ ವರ್ಷಗಳಿಂದ ತೋರಿಸುತ್ತ ಬಂದಿದ್ದಾರೆ. ಈ ವಿಧಾನದ ಬಗ್ಗೆ ಬರೆಯುವವರೆಲ್ಲರೂ ಮೊದಲು ಹೇಳುವ ಮಾತು ‘ಅಗ್ಗ’ ಎಂಬುದು. ಆ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಅರ್ಧವನ್ನು ಮೊದಲು ನೋಡೋಣ. ಸಿ.ಡಿ. ಎಂದರೆ 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ. ಪಾಲಿಕಾರ್ಬೊನೇಟ್ ನೀರನ್ನು ಅಷ್ಟಾಗಿ ಹಿಡಿಯುವುದಿಲ್ಲವಾದರೂ ಪ್ರೋಟೀನನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹುಡುಕಬೇಕಾದ ಔಷಧದ ಅಣುವನ್ನು ಪ್ರೋಟೀನಿಗೆ ಬೆಸೆದು, ಆ ದ್ರಾವಣವನ್ನು ತಟ್ಟೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಇಡುತ್ತಾರೆ. ಬಳಿಕ ಪರೀಕ್ಷಿಸಬೇಕಾದ ಹಾಲಿಗೆ ಆ ಔಷಧವನ್ನೇ ಗುರುತಿಸಿ ಹಿಡಿಯುವ ಪ್ರೋಟೀನನ್ನು, ಅಂದರೆ ಪ್ರತಿಕಾಯವನ್ನು (ಆ್ಯಂಟಿಬಾಡಿ) ಬೆರೆಸಿ, ತಟ್ಟೆಯ ಮೇಲೆ ಹರಡುತ್ತಾರೆ. ಹಾಲಿನಲ್ಲಿ ಔಷಧವಿದ್ದರೆ ಪ್ರತಿಕಾಯವು ಅಲ್ಲಿಯೇ ಅದಕ್ಕೆ ಅಂಟಿಕೊಳ್ಳುವುದರಿಂದ ತಟ್ಟೆಗೆ ಅಂಟಲು ಉಳಿಯುವುದು ಸ್ವಲ್ಪವೇ. ಇಲ್ಲದಿದ್ದರೆ ಪ್ರತಿಕಾಯವೆಲ್ಲ ಚುಕ್ಕೆಗಳ ಮೇಲೆ ಕೂರುತ್ತದೆ. ಅದರ ಬೆನ್ನಿಗೆ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು (ನ್ಯಾನೋಕಣ) ಹೊತ್ತ ಮತ್ತೊಂದು ಪ್ರತಿಕಾಯವನ್ನು ಸೇರಿಸಿ, ಬೆಳ್ಳಿಯ ದ್ರಾವಣ ಹಾಕಿದಾಗ ಅಲ್ಲೆಲ್ಲ ಕಪ್ಪು ಕವಿಯುತ್ತದೆ. ಹಾಗಾಗಿ ಗಾಢವಾದ ಕಪ್ಪು ಚುಕ್ಕೆ ಮೂಡಿದರೆ ಹಾಲು ಚೆನ್ನಾಗಿದೆ ಎಂದೂ, ಚುಕ್ಕೆ ಮಸುಕಾದರೆ ಅನುಮಾನಿಸಬೇಕೆಂದೂ ಅರ್ಥ. ಇದನ್ನು ಮೊದಲ ಸಲ ಓದಿದಾಗ ನಾನು ತಿರುಗುಮುರುಗಾಗಿ ತಿಳಿದುಕೊಂಡಿದ್ದೆ.

ಇನ್ನು ಸಿ.ಡಿ. ಓದುವ ಡ್ರೈವಿನ ಕೆಲಸ. ಲೇಸರ್ ಸುರುಳಿಯಲ್ಲಿ ಸಾಗುತ್ತ ತಟ್ಟೆಯನ್ನು ಓದುವಾಗ, ಚುಕ್ಕೆಯಿರುವ ಕಡೆ ಬೆಳಕಿಗೆ ತಡೆಯಾಗುತ್ತದೆ. ಎಷ್ಟು ತಡೆಯಾಯಿತು ಎಂಬುದೇ ಅಳತೆ. ವಲೆನ್ಸಿಯಾದವರು ಇದಕ್ಕಾಗಿ ಡ್ರೈವನ್ನು ತುಸು ಮಾರ್ಪಡಿಸಿಕೊಂಡರೆ, ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಹುವಾ-ಝೋಂಗ್ ಯು ಅವರ ತಂಡವು ಸಾಮಾನ್ಯ ಕಂಪ್ಯೂಟರಿನ ಡ್ರೈವನ್ನೇ ಬಳಸಿ, ದತ್ತಾಂಶ ಓದುವಾಗ ಆಗುವ ತಪ್ಪುಗಳನ್ನು ಎಣಿಸುವ ದಾರಿ ಹಿಡಿಯಿತು. ಗೀರು ಬಿದ್ದ ಸಿ.ಡಿ.ಯಲ್ಲಿ ಹಾಡು ತಡವರಿಸುವುದನ್ನು ಕೇಳಿದವರಿಗೆ ಇದರ ಒಳಗುಟ್ಟು ಬೇಗ ಹೊಳೆಯುತ್ತದೆ. ಪ್ರಯೋಗಾಲಯದ ದುಬಾರಿ ಸ್ಕ್ಯಾನರ್ ಮಾಡುವ ಕೆಲಸವನ್ನು ಅಂಗಡಿಯಲ್ಲಿ ಸಿಗುವ ಡ್ರೈವ್ ಮಾಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಆದರೆ ಅಗ್ಗವಾದದ್ದು ಓದುವ ಯಂತ್ರ ಮತ್ತು ತಟ್ಟೆ ಮಾತ್ರ. ಪ್ರತಿಕಾಯ ಅಗ್ಗವಲ್ಲ, ಅದನ್ನು ತಂಪಿನಲ್ಲಿಡಬೇಕು, ಒಂದೊಂದು ತಯಾರಿಕೆಯ ಗುಣವನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಸಾಲ್ಮೊನೆಲ್ಲಾದ ಪರೀಕ್ಷೆಯಂತೂ ಇನ್ನೂ ಕಷ್ಟ. 25 ಗ್ರಾಂ ಆಹಾರದಲ್ಲಿ ಅದು ಇರಲೇಬಾರದು ಎಂಬ ನಿಯಮವಿರುವಾಗ, ಅಷ್ಟು ವಿರಳವಾದ ಜೀವಿಯನ್ನು ಮೊದಲು ಬೆಳೆಸಿಯೋ ಅದರ ಡಿಎನ್ಎಯನ್ನು ಹೆಚ್ಚಿಸಿಯೋ ಆಮೇಲೆ ತಟ್ಟೆಗೆ ತರಬೇಕು, ಆ ಸಮಯವನ್ನು ಯಾವ ಲೇಸರೂ ಉಳಿಸಿಕೊಡುವುದಿಲ್ಲ.

ಹಾಗಿದ್ದರೂ ಈ ವಿಧಾನವನ್ನು ಕೈಬಿಡಬಾರದು ಎನ್ನುವುದಕ್ಕೆ ನಮ್ಮ ಹಾಲೇ ಕಾರಣ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ, ಆರೋಗ್ಯಕ್ಕೆ ಅಪಾಯವಾಗುವಂಥ ಕಲಬೆರಕೆ ಕಂಡದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಬೂಷ್ಟು ಹಿಡಿದ ಹಿಂಡಿ, ಮೇವುಗಳಿಂದ ಹಸುವಿನ ಹೊಟ್ಟೆ ಸೇರಿ ಹಾಲಿಗೆ ಇಳಿಯುವ ಈ ವಿಷಕ್ಕೆ ನಮ್ಮಲ್ಲಿ ಕಿಲೋಗೆ 0.5 ಮೈಕ್ರೋಗ್ರಾಂ ಮಿತಿಯಿದೆ, ಯುರೋಪಿನಲ್ಲಿ 0.05. ಹಳ್ಳಿಯ ಡೇರಿಯ ಲ್ಯಾಕ್ಟೋಮೀಟರ್ ನೀರನ್ನು ಹಿಡಿಯಬಹುದು, ಇದನ್ನು ಹಿಡಿಯಲಾರದು. ಹಾಲು ಕಾಯಿಸಿದರೂ ಇದು ಹೋಗುವುದಿಲ್ಲ. ಇಂಥ ಸಣ್ಣ ಅಣುಗಳಿಗೆ ನಾನು ಮೇಲೆ ವಿವರಿಸಿದ, ಹಾಲಿನ ಅಣುವೂ ತಟ್ಟೆಯ ಚುಕ್ಕೆಯೂ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುವ ಕ್ರಮ ಒಪ್ಪುತ್ತದೆ. ಒಂದು ತಟ್ಟೆಯ ಮೇಲೆ ಹತ್ತಾರು ಸಂಘಗಳ ಹಾಲನ್ನು ಒಟ್ಟಿಗೆ ಜರಡಿ ಹಿಡಿದು, ಅನುಮಾನ ಬಂದದ್ದನ್ನಷ್ಟೇ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಈ ತಟ್ಟೆಯ ಫಲಿತಾಂಶವನ್ನೇ ಹಿಡಿದು ರೈತನ ಹಾಲನ್ನು ಚೆಲ್ಲಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಇದಕ್ಕಾಗಿ ಉಳಿದಿರುವ ಕಾಲಾವಕಾಶವೂ ಕಡಿಮೆ. ಲ್ಯಾಪ್‌ಟಾಪುಗಳಿಂದ ಡ್ರೈವ್ ಮಾಯವಾಗಿ ವರ್ಷಗಳಾದವು. ಸೋನಿ ಕಂಪನಿಯು ರೆಕಾರ್ಡ್ ಮಾಡಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಒಂದು ಕಾಲೇಜಿನ ಪ್ರಯೋಗಕ್ಕೆ ಬೇಕಾಗುವಷ್ಟು ಹಳೆಯ ಡ್ರೈವುಗಳು ಇಂದಿಗೂ ಸಿಕ್ಕಾವು. ಪ್ರತಿಕಾಯ ಅಲ್ಲಿ ಸಿಗುವುದಿಲ್ಲ, ಹಣ ಕೊಡುವವರು ಮೊದಲು ನೋಡಬೇಕಾದದ್ದು ಅದನ್ನೇ.