ಹಿಂದಿನ ಚಕ್ರ ಮುಂದೆ ಬಂದ ವರ್ಷ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮೊದಲು ನಲವತ್ತು ನಿಮಿಷ ಕೊಟ್ಟಿದ್ದಾರೆ. ಬಿಸಿಬೇಳೆ ಬಾತಿನ ಘಮ ಆಗಲೇ ಒಳಗೆ ಬರುತ್ತಿದೆ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ನಮ್ಮ ಗೆಳೆಯರೊಬ್ಬರು ಡ್ರ್ಯಾಗ್ ರೇಸಿಂಗ್ ಬಗ್ಗೆ, ಅಂದರೆ ಎರಡು ಕಾರು ಅಕ್ಕಪಕ್ಕ ನಿಂತು ಕಾಲು ಮೈಲಿ ನೇರ ಓಡುವ ಪಂದ್ಯದ ಬಗ್ಗೆ, ಬಹಳ ಚೆನ್ನಾಗಿ ಮಾತಾಡಿದರು. ಕೊನೆಯಲ್ಲಿ ಫನ್ನಿ ಕಾರ್ ಬಗ್ಗೆ, ಅಂದರೆ ಮಾಮೂಲಿ ಕಾರಿನ ರೂಪ ಹೊತ್ತ ರೇಸ್ ಕಾರುಗಳ ವರ್ಗದ ಬಗ್ಗೆ, ಒಂದು ಸಾಲು ಹೇಳಿದರು: ಫನ್ನಿ ಕಾರ್ ಹುಟ್ಟಿಸಿದ್ದು ಜ್ಯಾಕ್ ಕ್ರಿಸ್‌ಮನ್, 1964ರಲ್ಲಿ, ಮುಗೀತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಆ 'ಮುಗೀತು' ಅನ್ನುವ ಮಾತು ನನಗೆ ರಾತ್ರಿ ನಿದ್ದೆ ಬರಗೊಡಲಿಲ್ಲ. ಅರವತ್ತು ವರ್ಷದಿಂದ ಮುಗಿಯದ ಜಗಳ ಅದು. ಅದೂ ನಾವು ಬದುಕುತ್ತಿರುವ ಈ ಡೆಟ್ರಾಯಿಟ್ ಸುತ್ತಮುತ್ತಲೇ ಅರ್ಧಕ್ಕರ್ಧ ನಡೆದದ್ದು. ಇಲ್ಲಿ ಕೂತವರಲ್ಲಿ ಬಹಳ ಜನ ಹಗಲೆಲ್ಲ ಕಾರಿನ ಕೆಲಸವೇ ಮಾಡುವವರು, ಕಾಲು ಮೈಲಿ ಅಂದರೇನು, ಟ್ರ್ಯಾಕ್ಷನ್ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ.

ಮೊದಲು ಕ್ರಿಸ್‌ಮನ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಆತ ದೊಡ್ಡ ಡ್ರೈವರ್. 1961ರಲ್ಲಿ ಎನ್‌ಎಚ್‌ಆರ್‌ಎ, ಅಂದರೆ ಇಲ್ಲಿ ಡ್ರ್ಯಾಗ್ ರೇಸ್ ನಡೆಸುವ ದೊಡ್ಡ ಸಂಸ್ಥೆ, ಮೊದಲ ವಿಂಟರ್‌ನ್ಯಾಷನಲ್ಸ್ ಪಂದ್ಯ ನಡೆಸಿದಾಗ ಟಾಪ್ ಎಲಿಮಿನೇಟರ್ ಅನ್ನುವ ದೊಡ್ಡ ಪ್ರಶಸ್ತಿ ಗೆದ್ದವನು. 1964ರಲ್ಲಿ ಒಂದು ಮರ್ಕ್ಯುರಿ ಕಾಮೆಟ್ ತಗೊಂಡು, 427 ಎಂಜಿನ್ ಮೇಲೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ, ಪೆಟ್ರೋಲ್ ಬಿಟ್ಟು ನೈಟ್ರೊಮೀಥೇನ್ ಅನ್ನುವ ರೇಸಿಂಗ್ ಇಂಧನ ಹಾಕಿ, ಗೇರ್‌ಬಾಕ್ಸನ್ನೇ ತೆಗೆದುಹಾಕಿದ. ಎಂಜಿನ್‌ನಿಂದ ನೇರ ಹಿಂದಿನ ಚಕ್ರಕ್ಕೆ. ಹೊರಟ ಜಾಗದಿಂದ ಮುಟ್ಟುವ ಜಾಗದ ತನಕ ಟೈರ್ ಹೊಗೆ ಬಿಡುತ್ತಲೇ ಹೋಗುತ್ತಿತ್ತು. ಇಂಡಿಯಾನಾಪೊಲಿಸ್ ನ್ಯಾಷನಲ್ಸ್‌ಗೆ ತಂದಾಗ ಅದನ್ನು ಯಾವ ವರ್ಗಕ್ಕೆ ಹಾಕಬೇಕು ಅಂತ ಗೊತ್ತಾಗದೆ ಡ್ರ್ಯಾಗ್‌ಸ್ಟರ್‌ಗಳ, ಅಂದರೆ ಬರೀ ಉದ್ದ ಚೌಕಟ್ಟಿನ ರೇಸ್ ಗಾಡಿಗಳ, ಗುಂಪಿಗೆ ಸೇರಿಸಿದರು. ಬಾಗಿಲು, ಗಾಜು, ಡಿಕ್ಕಿ ಎಲ್ಲ ಇರುವ ಕಾರು ಡ್ರ್ಯಾಗ್‌ಸ್ಟರ್‌ಗಳ ನಡುವೆ! ನೋಡಿದವರು ದಂಗಾಗಿರಬೇಕು.

ಅದೇ ವರ್ಷ ಡಾಡ್ಜ್ ಕಡೆಯಿಂದಲೂ ಸೂಪರ್‌ಚಾರ್ಜರ್ ಹಾಕಿದ ಕಾರುಗಳು ಬಂದವು. ಡಾಡ್ಜ್ ಚಾರ್ಜರ್ಸ್ ಅಂತ ಹೆಸರು. ಕ್ಯಾಲಿಫೋರ್ನಿಯಾದ ಡ್ರ್ಯಾಗ್‌ಮಾಸ್ಟರ್‌ನವರು ಕಟ್ಟಿದ್ದು, ಜಿಮ್ಮಿ ನಿಕ್ಸ್ ಮತ್ತು ಜಿಮ್ ಜಾನ್ಸನ್ ಓಡಿಸಿದ್ದು. ಇವು ಓಡಿದ್ದು ಪೆಟ್ರೋಲ್ ಮೇಲೆ. ಇವೇ ಮೊದಲು ಅನ್ನುವವರ ಹತ್ತಿರವೂ ಒಳ್ಳೆ ವಾದ ಇದೆ. ಇಲಿನಾಯ್ಸ್‌ನ ರೈತ ಆರ್ನಿ ಬೆಸ್ವಿಕ್ ಹೆಸರು ಹೇಳುವವರೂ ಇದ್ದಾರೆ. 1963ರಲ್ಲಿ ಜನರಲ್ ಮೋಟರ್ಸ್ ರೇಸಿಂಗ್‌ನಿಂದ ಕೈ ತೊಳೆದುಕೊಂಡ ಮೇಲೂ ಆ ಮನುಷ್ಯ ಅವರದೇ ಪಾಂಟಿಯಾಕ್ ಕಾರು ಬಿಡಲಿಲ್ಲ. ಆ ಒಂದು ಕಾರಣಕ್ಕೇ ನನಗೆ ಆತನ ಮೇಲೆ ಪ್ರೀತಿ ಜಾಸ್ತಿ.

ಈಗ ನನ್ನ ವಾದ. ವರ್ಗ ಅಂದರೆ ಏನು? ಒಂಟಿ ಕಾರಿನಿಂದ ವರ್ಗ ಆಗಲ್ಲ. ಕುಸ್ತಿಗೆ ಇಬ್ಬರು ಪೈಲ್ವಾನರು ಬೇಕು, ಒಬ್ಬನೇ ಅಖಾಡಕ್ಕೆ ಇಳಿದು ತೊಡೆ ತಟ್ಟಿದರೆ ಅದು ಪ್ರದರ್ಶನ. ಕ್ರಿಸ್‌ಮನ್ ಕಾಮೆಟ್ 1964ರಲ್ಲಿ ಒಂಟಿ. ಡಾಡ್ಜ್ ಚಾರ್ಜರ್ಸ್ ಪ್ರದರ್ಶನಕ್ಕೇ ಕಟ್ಟಿದ ಕಾರುಗಳು, ತಮ್ಮತಮ್ಮಲ್ಲೇ ಓಡುತ್ತಿದ್ದವು. ಇವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಪಕ್ಕದ ಲೇನ್‌ನಲ್ಲಿ ಅಂಥದೇ ಇನ್ನೊಂದು ಬೇರೆ ಮನೆಯ ಕಾರು ಬಂದು ನಿಲ್ಲುವ ತನಕ ಅದು ವರ್ಗ ಅಲ್ಲ.

ಹಾಗೆ ಬಂದು ನಿಂತದ್ದು 1965ರಲ್ಲಿ. ಆ ಕಥೆಗೆ ಮೊದಲು ವುಡ್‌ವರ್ಡ್ ಅವೆನ್ಯೂದಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು.

ಆಗಸ್ಟ್‌ನ ಡ್ರೀಮ್ ಕ್ರೂಸ್‌ಗೆ ನೀವೆಲ್ಲ ಹೋಗಿರುತ್ತೀರಿ. ಕೆಲವು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಹೋಗಿದ್ದೆವು. ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಕಾಫಿ, ಚಕ್ಕುಲಿ, ಪೂರ್ತಿ ಜಾತ್ರೆಗೆ ಹೋದ ಹಾಗೆ. ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ ಬಿಳಿ ಬಣ್ಣದ 1965ರ ಪ್ಲಿಮತ್ ನಿಂತಿತ್ತು. ನನಗೆ ಕಾಲು ಕಿತ್ತಿಡಲು ಆಗಲಿಲ್ಲ. ಅಸಲಿ ಅಲ್ಲ, ಅಸಲಿಯ ಅಳತೆ ಹಿಡಿದು ಕಟ್ಟಿದ್ದು ಅಂತ ಅದರ ಯಜಮಾನರೇ ಹೇಳಿದರು. ವಯಸ್ಸಾದವರು, ಕೈಯಲ್ಲಿ ಬಟ್ಟೆ ಹಿಡಿದು ಸುಮ್ನೆ ಒರೆಸುತ್ತಾ ನಿಂತಿದ್ದರು.

ನನ್ನ ಹೆಂಡತಿಗೆ ರೇಸಿಂಗ್ ಅಂದರೆ ಅಷ್ಟಕ್ಕಷ್ಟೆ. ಅವಳು ಆ ಕಾರನ್ನು ಒಂದು ಸಲ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ರೀ, ಇದೇನ್ರೀ ಕುಕ್ಕರಗಾಲಲ್ಲಿ ಕೂತ ಹಾಗಿದೆ?" ಅಂದಳು.

ನನಗೆ ಮೈ ಜುಮ್ಮಂದಿತು. ಯಾಕೆ ಹೇಳಿ? 1965ರಲ್ಲಿ ಸ್ಟ್ಯಾಂಡ್‌ನಲ್ಲಿ ಕೂತ ಜನಕ್ಕೂ ಆದದ್ದು ಅದೇ. ಇದೇನಿದು ವಿಚಿತ್ರವಾಗಿದೆ ಅಂತ ನಕ್ಕರು, ಫನ್ನಿ ಅಂದರು. ಆ ಮಾತು ಮೊದಲು ಬಂದದ್ದು ಮೈಕ್ ಹಿಡಿದವನ ಬಾಯಿಂದಲೋ, ಪ್ರೇಕ್ಷಕರ ಬಾಯಿಂದಲೋ, ತಪಾಸಣೆ ಮಾಡುವವರ ಬಾಯಿಂದಲೋ, ಅದಕ್ಕೂ ಹಕ್ಕುದಾರರು ಬಹಳ. ಅದು ಬಿಡಿ. ಆದರೆ ಹೆಸರು ಬಂದದ್ದು ಎಂಜಿನ್‌ಗಲ್ಲ, ನೈಟ್ರೊಗಲ್ಲ, ಆಕಾರಕ್ಕೆ. ಹೆಸರೇ ಸಾಕ್ಷಿ ಹೇಳುತ್ತಿದೆ ಅಲ್ವಾ? ಕ್ರಿಸ್‌ಮನ್ ಕಾಮೆಟ್ ನೋಡಿ ಯಾರೂ ನಗಲಿಲ್ಲ, ಬೆಚ್ಚಿಬಿದ್ದರು. ಚಕ್ರ ಇರಬೇಕಾದ ಕಡೆ ಅದರ ಚಕ್ರ ಇತ್ತು.

ಆ ಯಜಮಾನರನ್ನು ಕೇಳಿದೆ, ಸ್ವಲ್ಪ ಅಳತೆ ನೋಡಲಾ ಅಂತ. ಖುಷಿಯಿಂದ ಒಪ್ಪಿದರು, ಆದರೆ ಬಾಗಿಲಿಗೆ ಒರಗಬೇಡಿ ಅಂದರು. ಆ ಬಾಗಿಲು ಫೈಬರ್‌ಗ್ಲಾಸ್. ಅಸಲಿ ಕಾರುಗಳಲ್ಲಂತೂ ಉಕ್ಕಿನ ಬಾಡಿಯನ್ನೇ ಆಸಿಡ್‌ನಲ್ಲಿ ಅದ್ದಿ ತಗಡು ತೆಳ್ಳಗೆ ಮಾಡಿದ್ದರು, ತೂಕ ಇಳಿಸಲು. ನಾನು ಮಂಡಿಯೂರಿ ಕೂತು ಹಿಂದಿನ ಚಕ್ರದ ಕಮಾನಿನ ಹತ್ತಿರ ಕೈ ಇಟ್ಟೆ. ಚಕ್ರ ಹೆಚ್ಚುಕಡಿಮೆ ಬಾಗಿಲಿಗೆ ತಾಗುವ ಹಾಗೆ ಕೂತಿದೆ, ಅದರ ಹಿಂದೆ ಡಿಕ್ಕಿ ಕಡೆಗೆ ಖಾಲಿ ತಗಡು ಉದ್ದಕ್ಕೆ ಹೋಗಿದೆ. ಮಾಮೂಲಿ ಪ್ಲಿಮತ್‌ನಲ್ಲಿ ಚಕ್ರ ಎಲ್ಲಿರುತ್ತಿತ್ತು ಅಂತ ಅವರು ಬೆರಳಿಟ್ಟು ತೋರಿಸಿದರು. ನಾನು ಗೇಣು ಹಾಕಿದೆ. ಒಂದೂವರೆ ಗೇಣಿಗಿಂತ ಸ್ವಲ್ಪ ಜಾಸ್ತಿ. 15 ಇಂಚು! ಮುಂದಿನ ಚಕ್ರ 10 ಇಂಚು ಮುಂದಕ್ಕೆ. ಅಂದರೆ ಎರಡೂ ಆಕ್ಸಲ್ ಮುಂದಕ್ಕೆ ನಡೆದು, ವೀಲ್‌ಬೇಸ್, ಅಂದರೆ ಎರಡು ಆಕ್ಸಲ್ ನಡುವಿನ ದೂರ, 5 ಇಂಚು ಗಿಡ್ಡ ಆಗಿ, ಬಾಡಿ ಹಿಂದೆ ಉಳಿದುಬಿಟ್ಟಿದೆ.

ಯಾಕೆ ಹೀಗೆ ಮಾಡಿದರು? ನಮ್ಮ ತಾತನ ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಭತ್ತದ ಮೂಟೆ ಹೇರುವಾಗ ತಾತ ಪಕ್ಕದಲ್ಲೇ ನಿಂತಿರುತ್ತಿದ್ದರು. ಭಾರ ಮುಂದೆ ಜಾಸ್ತಿ ಆದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಹಿಂದೆ ಜಾಸ್ತಿ ಆದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. "ಇನ್ನೊಂದು ಚೂರು ಹಿಂದಕ್ಕೆ ಸರ್ಸೋ, ಸಾಕು ಸಾಕು" ಅಂತ ಒಂದೊಂದು ಮೂಟೆಗೂ ಹೇಳುತ್ತಿದ್ದರು. ಎಲ್ಲ ಇರುವುದು ಅಚ್ಚಿನ ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವುದರಲ್ಲಿ. ತಾತ ಮೂಟೆ ಸರಿಸುತ್ತಿದ್ದರು, ಪ್ಲಿಮತ್, ಡಾಡ್ಜ್ ಎರಡನ್ನೂ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಎಂಜಿನಿಯರ್‌ಗಳು ಅಚ್ಚನ್ನೇ ಸರಿಸಿದರು. 426 ಹೆಮಿ ಎಂಜಿನ್‌ನ ಶಕ್ತಿ ತಡೆಯಲು ಆ ಕಾಲದ ಟೈರ್‌ಗಳಿಗೆ ಆಗುತ್ತಿರಲಿಲ್ಲ, ಸುಮ್ನೆ ಸುತ್ತುತ್ತಿದ್ದವು. ಹಿಂದಿನ ಚಕ್ರವನ್ನು ಭಾರದ ಕೆಳಗೇ ತಂದುಬಿಟ್ಟರೆ ಟೈರ್ ನೆಲ ಕಚ್ಚುತ್ತದೆ. ಕಚ್ಚಿತು ಕೂಡ, ಎಷ್ಟರ ಮಟ್ಟಿಗೆ ಅಂದರೆ ಮೂಕಿ ಎದ್ದ ಹಾಗೆ ಮುಂದಿನ ಚಕ್ರ ಎರಡೂ ಗಾಳಿಗೆ ಏಳುತ್ತಿದ್ದವು.

ಇದು ಒಂದೇ ರಾತ್ರಿಯಲ್ಲಿ ಆದದ್ದಲ್ಲ. 1964ರಲ್ಲೇ ಶುರು. ಆಗ ನಿಯಮದಲ್ಲಿ ವೀಲ್‌ಬೇಸ್‌ನ 2 ಪರ್ಸೆಂಟ್ ತನಕ ಸರಿಸಲು ಅವಕಾಶ ಇತ್ತು, ಅಂದರೆ 116 ಇಂಚಿಗೆ ಎರಡೂಕಾಲು ಇಂಚು ಚಿಲ್ಲರೆ. ಕಣ್ಣಿಗೆ ಕಾಣಿಸುವುದೇ ಕಷ್ಟ. ಡಿಕ್ ಲ್ಯಾಂಡಿ ತನ್ನ ಡಾಡ್ಜ್‌ನ ಮುಂದೆ ನೇರ ಆಕ್ಸಲ್ ಹಾಕಿದ್ದೂ 1964ರಲ್ಲೇ. ಮುಂದಿನ ವರ್ಷ ಕಾರ್ಖಾನೆಯವರೇ ಸಂಕೋಚ ಬಿಟ್ಟು, ಡಾಡ್ಜ್, ಪ್ಲಿಮತ್ ಎರಡೂ ಸೇರಿ ಸುಮಾರು ಒಂದು ಡಜನ್ ಕಾರುಗಳ ಚಕ್ರ ಸರಿಸಿದರು. ಡಜನ್, ಗಮನಿಸಿ! ರಾಮ್‌ಚಾರ್ಜರ್ಸ್ ತಂಡಕ್ಕೆ ಒಂದು, ಲ್ಯಾಂಡಿಗೆ ಒಂದು, ಸಾಕ್ಸ್ ಮತ್ತು ಮಾರ್ಟಿನ್‌ಗೆ ಒಂದು, ಬಟ್ಚ್ ಲೀಲ್‌ಗೆ ಒಂದು, ಹೀಗೆ ಬೇರೆ ಬೇರೆ ಊರಿನ ಬೇರೆ ಬೇರೆ ಜಟ್ಟಿಗಳ ಕೈಗೆ. ಅಖಾಡ ತುಂಬಿತು.

ಆಮೇಲೆ ನಡೆದದ್ದೇ ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟ. ಎನ್‌ಎಚ್‌ಆರ್‌ಎ ಇವನ್ನು ಎ-ಎಫ್‌ಎಕ್ಸ್‌ಗೆ ಸೇರಿಸಲ್ಲ ಅಂದಿತು. ಎಫ್‌ಎಕ್ಸ್ ಅಂದರೆ ಕಾರ್ಖಾನೆಯ ಪ್ರಯೋಗದ ಕಾರುಗಳ ವರ್ಗ, 1962ರಿಂದ ಇದ್ದದ್ದು. ಪ್ರಯೋಗ ಮಾಡಿ ಅಂತ ವರ್ಗ ತೆರೆದವರೇ ಇದು ಅತಿಯಾಯಿತು ಅಂದರು. ಎಎಚ್‌ಆರ್‌ಎ ಅನ್ನುವ ಇನ್ನೊಂದು ಸಂಸ್ಥೆ ಬಾಗಿಲು ತೆರೆಯಿತು. ಅದಕ್ಕಿಂತ ದೊಡ್ಡದು ಮ್ಯಾಚ್ ರೇಸ್. ಮೈದಾನದ ಮಾಲೀಕ ಇಬ್ಬರು ಹೆಸರಾಂತ ಡ್ರೈವರ್‌ಗಳನ್ನು ದುಡ್ಡು ಕೊಟ್ಟು ಕರೆಸುವುದು, ಮೂರರಲ್ಲಿ ಎರಡು ಗೆದ್ದವನು ಗೆದ್ದ. ನಿಯಮ? ಇಬ್ಬರೂ ಒಪ್ಪಿದರೆ ಅದೇ ನಿಯಮ. ವರ್ಷದ ಶುರುವಲ್ಲಿ ಕಾರ್ಬ್ಯುರೇಟರ್ ಇದ್ದ ಕಾರುಗಳಿಗೆ ಬೇಸಿಗೆ ಹೊತ್ತಿಗೆ ಹಿಲ್‌ಬಾರ್ನ್ ಫ್ಯುಯೆಲ್ ಇಂಜೆಕ್ಷನ್ ಬಂತು, ಬಾನೆಟ್ ಸೀಳಿಕೊಂಡು ಕೊಳವೆಗಳು ಮೇಲೆ ನಿಂತವು, ಟ್ಯಾಂಕಿಗೆ ನೈಟ್ರೊ ಬಂತು. ಫೋರ್ಡ್, ಮರ್ಕ್ಯುರಿಯವರೂ ಪೈಪೋಟಿಗೆ ಇಳಿದರು. ಒಳಗೆ ಬಿಟ್ಟಿದ್ದರೆ ಇವು ಎ-ಎಫ್‌ಎಕ್ಸ್‌ನಲ್ಲಿ ನಾಲ್ಕು ಕಪ್ ಗೆದ್ದು ಸುಮ್ಮನಾಗುತ್ತಿದ್ದವು. ಹೊರಗೆ ಹಾಕಿದ್ದಕ್ಕೇ ಒಂದು ವರ್ಗ ಆಯಿತು. ಇದು ನಾನು ಗಟ್ಟಿಯಾಗಿ ನಂಬಿರುವ ಮಾತು.

ನೈಟ್ರೊ ಬಗ್ಗೆ ಒಂದು ನಿಮಿಷ, ಯಾಕೆಂದರೆ ಮಕ್ಕಳೂ ಇದ್ದಾರೆ. ಕೆಜಿಗೆ ಕೆಜಿ ನೋಡಿದರೆ ಅದರ ಕಾವು ಪೆಟ್ರೋಲ್‌ನ ಕಾಲು ಭಾಗ ಅಷ್ಟೇ. ಆದರೆ ತನ್ನ ಆಕ್ಸಿಜನ್ ತಾನೇ ಹೊತ್ತು ತರುತ್ತದೆ, ಬುತ್ತಿ ಕಟ್ಟಿಕೊಂಡು ಬರುವ ಆಳಿನ ಹಾಗೆ. ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕು, ನೈಟ್ರೊಗೆ 1.7 ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಎಷ್ಟೋ ಪಟ್ಟು ಇಂಧನ ಸುರಿಯಬಹುದು, ಸಿಗುವ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ.

ಹತ್ತು ನಿಮಿಷ ಉಳಿದಿದೆ ಅಂತ ಚೀಟಿ ಬಂತು. ಆಯಿತು, ಬೇಗ ಬೇಗ ಹೇಳುತ್ತೇನೆ.

ಮೂರನೇ ಪಂಗಡ ಒಂದಿದೆ, 1966ರ ಪಂಗಡ. ಇವತ್ತಿನ ಫನ್ನಿ ಕಾರ್ ನೋಡಿ, ಉಕ್ಕಿನ ಕೊಳವೆಯ ಚಾಸಿ, ಮೇಲೆ ಒಂದೇ ತುಂಡಿನ ಬಾಡಿ, ಪೆಟ್ಟಿಗೆ ಮುಚ್ಚಳದ ಹಾಗೆ ಮುಂದಿನಿಂದ ಎತ್ತಿ ತೆರೆಯುವುದು. ಅದನ್ನು ತಂದದ್ದು ಮರ್ಕ್ಯುರಿಯವರು, ಚಾಸಿ ಕಟ್ಟಿದ್ದು ಇಲ್ಲೇ ಮಿಶಿಗನ್‌ನ ಲಾಗಿ ಸಹೋದರರು. ಡಾನ್ ನಿಕೊಲ್ಸನ್‌ನ ಫೈಬರ್‌ಗ್ಲಾಸ್ ಕಾಮೆಟ್, ಎಲಿಮಿನೇಟರ್ ಒನ್, ಅದೇ ವರ್ಷ ಕಾಲು ಮೈಲಿಯನ್ನು ಎಂಟು ಸೆಕೆಂಡಿನೊಳಗೆ ಮುಗಿಸಿತು. ಇವತ್ತಿನ ಕಾರಿನ ಮೈಕಟ್ಟು ಅಲ್ಲಿಂದ ಬಂದದ್ದು ಅಂದರೆ ನಾನು ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ಅಖಾಡ ಇತ್ತು, ಜನ ಇದ್ದರು, ಹೆಸರೂ ಬಾಯಲ್ಲಿತ್ತು. ಮರ್ಕ್ಯುರಿಯವರು ಅಷ್ಟು ದುಡ್ಡು ಸುರಿದದ್ದೇ ಅಲ್ಲಿ ಗೆಲ್ಲಲು ಒಂದು ವರ್ಗ ಇತ್ತು ಅಂತ.

ಇನ್ನೊಂದು ಮಾತು ಬಿಡುವ ಹಾಗಿಲ್ಲ. 1965ರಲ್ಲಿ ಸುತ್ತು ಹಾಕುವ ರೇಸ್ ನಡೆಸುವ ನ್ಯಾಸ್‌ಕಾರ್ ಸಂಸ್ಥೆ ಹೆಮಿ ಎಂಜಿನ್ ಬೇಡ ಅಂದಾಗ ಅಲ್ಲಿನ ಹೆಸರಾಂತ ಡ್ರೈವರ್ ರಿಚರ್ಡ್ ಪೆಟ್ಟಿ ಡ್ರ್ಯಾಗ್ ರೇಸ್‌ಗೆ ಬಂದ. ಜಾರ್ಜಿಯಾದಲ್ಲಿ ಅವನ ಬ್ಯಾರಕುಡ ಕಾರು ಹಿಡಿತ ತಪ್ಪಿ ಜನರ ಕಡೆ ನುಗ್ಗಿತು, ಒಬ್ಬ ಪುಟ್ಟ ಹುಡುಗ ತೀರಿಕೊಂಡ. ನಿಯಮ ಇಲ್ಲದ ಆಟದ ರುಚಿ ಹೇಳುವಾಗ ಆ ಮಗುವನ್ನೂ ಹೇಳಬೇಕು. 2008ರಲ್ಲಿ ಡ್ರೈವರ್ ಸ್ಕಾಟ್ ಕಲಿಟ್ಟ ಫನ್ನಿ ಕಾರ್ ಓಡಿಸುವಾಗಲೇ ತೀರಿಕೊಂಡ ಮೇಲೆ ಇಂಥ ನೈಟ್ರೊ ಕಾರುಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದರು.

ಎನ್‌ಎಚ್‌ಆರ್‌ಎ ಕೊನೆಗೂ ಫನ್ನಿ ಕಾರ್‌ಗೆ ದೊಡ್ಡ ಪಂದ್ಯದಲ್ಲಿ ಸ್ವಂತ ಎಲಿಮಿನೇಟರ್, ಅಂದರೆ ಅದರದೇ ಪ್ರಶಸ್ತಿ ವಿಭಾಗ, ಕೊಟ್ಟದ್ದು 1969ರ ವಿಂಟರ್‌ನ್ಯಾಷನಲ್ಸ್‌ನಲ್ಲಿ. ಕ್ಲೇರ್ ಸ್ಯಾಂಡರ್ಸ್ ಗೆದ್ದ. ಬಾಗಿಲು ಹಾಕಿದ ನಾಲ್ಕು ವರ್ಷಕ್ಕೆ ತಾವೇ ಬಾಗಿಲು ತೆಗೆದರು. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಚಿತ್ರಗಳೂ ಇದ್ದವು, ಸಮಯ ಇಲ್ಲ.

ಹೋದ ತಿಂಗಳು ಮಾತಾಡಿದ ಗೆಳೆಯರು ಮೊದಲ ಸಾಲಿನಲ್ಲೇ ಕೂತಿದ್ದಾರೆ, ಕೈ ಎತ್ತಿ ಆಗಲೇ ಐದು ನಿಮಿಷ ಆಯಿತು. ಮೈಕ್ ಅವರಿಗೆ ಕೊಡಿ. ಆದರೆ ಸರ್, ಶುರು ಮಾಡುವ ಮೊದಲು ಒಂದನ್ನು ಹೇಳಿಬಿಡಿ: 1964ರಲ್ಲಿ ಕ್ರಿಸ್‌ಮನ್ ಕಾಮೆಟ್‌ನ ಪಕ್ಕದ ಲೇನ್‌ನಲ್ಲಿ ನಿಂತಿದ್ದ ಇನ್ನೊಂದು ಫನ್ನಿ ಕಾರ್ ಯಾವುದು?