ರಾತ್ರಿ ಪಾದ ಹಿಡಿದುಕೊಂಡರೆ

ಎಲ್ಲರಿಗೂ ನಮಸ್ಕಾರ. ರಾತ್ರಿ ಎರಡು ಗಂಟೆಗೆ ಪಾದ ಕಲ್ಲಿನಂತೆ ಸೆಟೆದುಕೊಂಡು, ಬೆರಳು ಒಂದರ ಮೇಲೊಂದು ಏರಿ, 'ಅಯ್ಯಯ್ಯೋ' ಅಂತ ಎದ್ದು ಕೂತವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅಬ್ಬಾ, ಸಾಕು, ಇಳಿಸಿ.

ಟೊಮೆಟೊ ಸೀಸನ್ ಬಂತೆಂದರೆ ನನ್ನ ಫಿಸಿಯೋಥೆರಪಿ ಕೋಣೆಗೆ ಮಾರ್ಕೆಟ್‌ನವರು ಬರುತ್ತಾರೆ. ಬಾಕ್ಸ್ ಹೊರುವವರು, ಕುಕ್ಕರಗಾಲಲ್ಲಿ ಕೂತು ಹಣ್ಣು ಆರಿಸುವ ಹೆಂಗಸರು. ಎಲ್ಲರದ್ದೂ ಒಂದೇ ಮಾತು: 'ನರ ಹಿಡ್ಕೊಂಡಿದೆ ಸಾರ್.' ಅರ್ಧ ನಿಜ. ಹಿಡಿದುಕೊಳ್ಳುವುದು ಸ್ನಾಯು, ಇದಕ್ಕೇ ಸ್ನಾಯು ಸೆಳೆತ ಅನ್ನುವುದು. ಆದರೆ 'ಬಿಗಿ ಹಿಡಿ' ಅನ್ನುವ ಆಜ್ಞೆ ನರದಿಂದಲೇ ಬರುತ್ತದೆ. ದಣಿದ ಸ್ನಾಯುವಿಗೆ ಆ ಆಜ್ಞೆ ನಿಲ್ಲದೆ ಬರುತ್ತಿರುತ್ತದೆ. ಮಲಗಿದಾಗ ನಮ್ಮ ಪಾದ ಕೆಳಕ್ಕೆ ಬಾಗಿರುತ್ತದೆ, ಅಲ್ವಾ? ಮೀನಖಂಡವೂ ಅಂಗಾಲಿನ ಸ್ನಾಯುವೂ ಆಗಲೇ ಮುದುರಿಕೊಂಡಿರುತ್ತವೆ. ಮುದುರಿದ್ದು ಇನ್ನಷ್ಟು ಮುದುರಿದರೆ ಪ್ರಾಣ ಹೋದಂತಾಗುತ್ತದೆ.

ಹಾಗಾಗಿ ಮದ್ದು ಅಂದರೆ ಎಳೆಯುವುದು. ಕಾಲು ನೀಡಿ ಕೂತು, ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆಯಿರಿ. ಕೈ ಎಟುಕದಿದ್ದರೆ ಪಾದಕ್ಕೆ ಟವೆಲ್ ಸುತ್ತಿ ಎಳೆಯಿರಿ. ಸ್ನಾಯುವಿನ ತುದಿಯನ್ನು ಮೂಳೆಗೆ ಕಟ್ಟುವ ಹುರಿಯಲ್ಲಿ, ಅಂದರೆ ಕಂಡರದಲ್ಲಿ, ಎಳೆತವನ್ನು ಅಳೆಯುವ ಪುಟ್ಟ ಅಂಗಗಳಿವೆ. ಅವು ಬೆನ್ನುಹುರಿಗೆ 'ಸಾಕು, ಸಡಿಲಿಸು' ಅಂತ ಸುದ್ದಿ ಕಳಿಸುತ್ತವೆ. ಎದ್ದು ನಿಂತು ಪಾದದ ಮೇಲೆ ಭಾರ ಹಾಕಿದರೂ ಆದೀತು. ಬಿಟ್ಟ ಮೇಲೆ ಉಜ್ಜಿ, ಬಿಸಿ ಶಾಖ ಕೊಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಬಿಸಿನೀರು ಮುಟ್ಟಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಒಂದು ಶ್ರಾವಣದಲ್ಲಿ ಅಂತರಗಂಗೆ ಬೆಟ್ಟ ಹತ್ತಿ ಬಂದ ರಾತ್ರಿ ನನಗೇ ಹಿಡಿದುಕೊಂಡಿತು. ಊರಿಗೆಲ್ಲ ಹೇಳುವ ನಾನು ಎಲ್ಲ ಮರೆತು ಹಾಸಿಗೆಯಲ್ಲಿ ಒದ್ದಾಡುತ್ತಿದ್ದೆ. ಬೆರಳು ಹಿಡಿದು ಎಳೆದವಳು ಹೆಂಡತಿ!

ಇನ್ನು ಉಪ್ಪಿನ ವಿಷಯ. ನಮ್ಮ ಕೆಜಿಎಫ್ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಕೆಳಗೆ ಕುಲುಮೆಯಂಥ ಸೆಕೆ. ಅಂಥ ಸೆಕೆಯಲ್ಲಿ ಬೆವರು ಸುರಿಸಿ ಬರೀ ನೀರು ಕುಡಿದವರಿಗೆ ಸೆಳೆತ ಬರುತ್ತದೆ, ನೀರಿಗೆ ಉಪ್ಪು ಬೆರೆಸಿದರೆ ಕಡಿಮೆಯಾಗುತ್ತದೆ ಅಂತ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ 1920ರ ದಶಕದಲ್ಲೇ ಕಂಡುಕೊಂಡಿದ್ದರು. ಬಿಸಿಲಲ್ಲಿ ದುಡಿಯುವವರಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು ಅನ್ನುವುದು ಅದಕ್ಕೇ. ಆದರೆ ಫ್ಯಾನ್ ಕೆಳಗೆ ಕೂತಿರುವ ಬಿಪಿ ಇರುವ ಅಜ್ಜಿಗೆ ಇದು ಅನ್ವಯಿಸುವುದಿಲ್ಲ. ಸುಮ್ನೆ ಉಪ್ಪು ತಿನ್ನಿಸಬೇಡಿ.

ಮೆಗ್ನೀಸಿಯಂ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತೀರಿ. ವಯಸ್ಸಾದವರಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಹಿಂದೆ ಸೆಳೆತಕ್ಕೆ ಮಲೇರಿಯಾದ ಮದ್ದು ಕ್ವಿನೈನ್ ಕೊಡುತ್ತಿದ್ದರು. ಅದು ರಕ್ತಕ್ಕೂ ಹೃದಯಕ್ಕೂ ಅಪಾಯ ತರಬಲ್ಲದು, ಅದರ ತಂಟೆ ಬೇಡ. ಖರ್ಚಿಲ್ಲದ ದಾರಿಯೇ ವಾಸಿ. ನೆದರ್ಲೆಂಡ್ಸ್‌ನಲ್ಲಿ 55 ವರ್ಷ ದಾಟಿದ 80 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ, ದಿನಾ ಮಲಗುವ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂಭಾಗ ಎಳೆಯುವ ವ್ಯಾಯಾಮ ಮಾಡಿಸಿದರು. ಆ ಗುಂಪಿನವರಿಗೆ ಸೆಳೆತ ಕಡಿಮೆಯಾಯಿತು. ಜೊತೆಗೆ ಕಾಲಿನ ಮೇಲೆ ಭಾರದ ಕಂಬಳಿ ಬಿಗಿಯಾಗಿ ಹೊದೆಯಬೇಡಿ, ಅದು ಪಾದವನ್ನು ಇನ್ನೂ ಕೆಳಕ್ಕೆ ಒತ್ತುತ್ತದೆ.

ಎಲ್ಲ ನೋವೂ ಸೆಳೆತ ಅಲ್ಲ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಟ್ಟುಹೋದರೆ ರಕ್ತನಾಳ ಕಿರಿದಾಗಿರಬಹುದು. ಒಂದೇ ಕಾಲು ಊದಿ, ಕೆಂಪಾಗಿ ಬಿಸಿಯಾದರೆ ಉಜ್ಜಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ ಶುರುವಾದ ಮೇಲೆ ಸೆಳೆತ ಬಂದರೆ ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಸರಿ, ಈಗ ಎಲ್ಲರೂ ಏಳಿ. ಚಪ್ಪಲಿ ಬಿಡಿ. ಗೋಡೆಗೆ ಎರಡೂ ಅಂಗೈ ಊರಿ. ಒಂದು ಕಾಲು ಹಿಂದಕ್ಕೆ, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. ಮುಂದಕ್ಕೆ ವಾಲಿ. ಮೀನಖಂಡ ಎಳೆಯುತ್ತಿದೆಯಾ? ಹತ್ತು ಎಣಿಸೋಣ. ಹಿಂದಿನ ಸಾಲಿನವರೇ, ಗೋಡೆ ಸಿಗದಿದ್ದರೆ ಕಂಬ ಹಿಡಿಯಿರಿ. ಒಂದು, ಎರಡು...