ಅಪ್ಪನ ಕೆನ್ನೆಯ ಗುಳಿಗಳು

ಕೇಳುಗರೇ, ನಮಸ್ಕಾರ.

ನಮ್ಮ ತಂದೆಯ ಎರಡೂ ಕೆನ್ನೆಗಳಲ್ಲಿ ಸಣ್ಣ ಸಣ್ಣ ಗುಳಿಗಳಿದ್ದವು. ಅವರು ಶೇವ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಗುಳಿ ಬಂದ ಕಡೆ ಒಂದು ಕೈಯಲ್ಲಿ ಚರ್ಮ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ಬ್ಲೇಡು ಆಡಿಸುತ್ತಿದ್ದರು. ಸಿಡುಬಿನ ಗುರುತು ಇರಬೇಕು ಅಂದುಕೊಂಡಿದ್ದೆ. ಮೊಡವೆಯದ್ದು ಅಂತ ಗೊತ್ತಾಗಿದ್ದು ನನ್ನ ಮುಖದಲ್ಲೂ ಎದ್ದಾಗ. ಆದರೆ ಬೈಗುಳ ಬಿದ್ದಿದ್ದು ಬೋಂಡಾ ತಿಂದದ್ದಕ್ಕೆ, ಮುಖ ಸರಿಯಾಗಿ ತೊಳೆಯದ್ದಕ್ಕೆ!

2002ರಲ್ಲಿ ಬ್ರಿಟನ್ನಿನ ಅವಳಿ ಹೆಂಗಸರ ಅಧ್ಯಯನವೊಂದು ಪ್ರಕಟವಾಯಿತು. ತದ್ರೂಪಿ ಅವಳಿಗಳು 458 ಜೋಡಿ, ಉಳಿದ ಅವಳಿಗಳು 1099 ಜೋಡಿ. ಒಬ್ಬರಿಗೆ ಮೊಡವೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ ಅನ್ನುವ ವ್ಯತ್ಯಾಸದಲ್ಲಿ ಶೇಕಡ 81 ಭಾಗ ಜೀನ್‌ಗಳಿಂದ ಬಂದದ್ದು ಎಂದು ಲೆಕ್ಕ ಸಿಕ್ಕಿತು. ಅಪ್ಪನಿಗಿದ್ದರೆ ಮಗನಿಗೆ ನೂರಕ್ಕೆ 81 ಗ್ಯಾರಂಟಿ ಅಂತಲ್ಲ, ಮತ್ತೆ. ಅದು ಒಟ್ಟು ಗುಂಪಿನ ಲೆಕ್ಕ, ಒಬ್ಬರ ಜಾತಕ ಅಲ್ಲ.

ಮೊಡವೆಗೆ ಅಂತ ಒಂದೇ ಜೀನ್ ಇಲ್ಲ. ಹಲವು ಸೇರಿ ಕೆಲಸ ಮಾಡುತ್ತವೆ. ಕೂದಲ ಬುಡದ ಚೀಲ ಹೇಗೆ ಬೆಳೆಯಬೇಕು ಎನ್ನುವುದಕ್ಕೆ ಸೇರಿದ ಜೀನ್‌ಗಳೂ ಇದರಲ್ಲಿವೆ. ಆದರೆ ನನಗೆ ಕುತೂಹಲ ಹುಟ್ಟಿಸಿದ್ದು 2014ರ ಇನ್ನೊಂದು ಅಧ್ಯಯನ. ತೀವ್ರ ಮೊಡವೆ ಇದ್ದವರಲ್ಲಿ ಜೀವಕೋಶಗಳು ಒಂದಕ್ಕೊಂದು ಕಳಿಸುವ ಟಿಜಿಎಫ್-ಬೀಟಾ ಎಂಬ ಸಂಕೇತಕ್ಕೆ ಸಂಬಂಧಪಟ್ಟ ಜೀನ್‌ಗಳ ಸುಳಿವು ಅದರಲ್ಲಿ ಸಿಕ್ಕಿತು. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್ ಕಾಲಜನ್. ಗಾಯ ಮಾಯುವಾಗ ಚರ್ಮಕ್ಕೆ ಅದನ್ನು ಕಟ್ಟು ಎಂದು ಹೇಳುವುದೂ ಇದೇ ಸಂಕೇತ!

ಗುಳಿ ಬೀಳುವುದು ಹೀಗೆ. ಎಣ್ಣೆ ಕಟ್ಟಿಕೊಂಡ ಚೀಲ ಒಳಗೇ ಒಡೆಯುತ್ತದೆ. ಸುತ್ತ ಕೆಂಪಗೆ ಊದುತ್ತದೆ. ಆ ಗಲಾಟೆಯಲ್ಲಿ ಅಲ್ಲಿದ್ದ ಕಾಲಜನ್ ಕರಗಿಹೋಗುತ್ತದೆ. ಮತ್ತೆ ಕಟ್ಟಿದ್ದು ಕಮ್ಮಿಯಾದರೆ ಗುಳಿ. ಜಾಸ್ತಿಯಾದರೆ ಗಂಟಿನ ಹಾಗೆ ಉಬ್ಬಿದ ಗಾಯದ ಗುರುತು. ಕೆಲವರಲ್ಲಿ ಈ ಊತ ಬೇಗ ಇಳಿಯುವುದಿಲ್ಲ. ಗುಳಿ ಬೀಳುವುದು ಹೆಚ್ಚಾಗಿ ಅಂಥವರಿಗೇ. ಹಿಸುಕಿದರಂತೂ ಕೇಳುವುದೇ ಬೇಡ.

ನಮ್ಮ ಕಂದು ಮೈಬಣ್ಣದಲ್ಲಿ ಮೊಡವೆ ಹೋದ ಮೇಲೆ ಕಪ್ಪು ಕಲೆ ಉಳಿಯುತ್ತದಲ್ವಾ? ಅದು ಬಣ್ಣ ಮಾತ್ರ, ತಿಂಗಳುಗಟ್ಟಲೆ ಹಿಡಿದರೂ ಮಾಸುತ್ತದೆ. ಗುಳಿ ಹಾಗಲ್ಲ, ತಾನಾಗಿ ತುಂಬಿಕೊಳ್ಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಗುಳಿ ಇದ್ದರೆ, ಮಕ್ಕಳಿಗೆ ನೋವಿರುವ ದಪ್ಪ ಮೊಡವೆ ಏಳುತ್ತಿದ್ದರೆ, 'ವಯಸ್ಸಿಗೆ ಬಂದಾಗ ಇದ್ದದ್ದೇ' ಅಂತ ಸುಮ್ನೆ ಕೂರಬೇಡಿ. ಊತ ಎಷ್ಟು ಬೇಗ ಇಳಿದರೆ ಗುಳಿ ಅಷ್ಟು ಕಮ್ಮಿ. ಅಂಗಡಿಯವರು ಕೊಟ್ಟ ಕ್ರೀಮಿನಲ್ಲಿ ಸ್ಟಿರಾಯ್ಡ್ ಇದ್ದರೆ ಮೊಡವೆ ಇನ್ನಷ್ಟು ಏಳಬಹುದು.

ನನ್ನ ಮಗನಿಗೆ ಹದಿನಾಲ್ಕರಲ್ಲೇ ಶುರುವಾಯಿತು. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವನ ಮುಖ ನೋಡುವ ಮೊದಲು ನನ್ನ ಕೆನ್ನೆ ನೋಡಿದರು. 'ನಿಮ್ಮ ತಂದೆಗೂ ಇತ್ತಾ?' ಎಂದರು.